ಕರಸ್ಥಲ: ಮುಷ್ಟಿಯ ಬಲ, ಅಂಗೈಯ ಬಲ





ವಚನಗಳನ್ನು ಓದುವಾಗ ನಾವು ಶರಣರ ಮಾತನ್ನು ಆಲಿಸುತ್ತೇವೆ, ಅವರ ಮನಸ್ಸನ್ನು ಅರಿಯಲು ಯತ್ನಿಸುತ್ತೇವೆ. ಆದರೆ ಅವರ ಕೈಗಳನ್ನು ನೋಡುವುದು ಕಡಿಮೆ. 12ನೆಯ ಶತಮಾನದ ಕಲ್ಯಾಣದಲ್ಲಿ ಅನುಭಾವದ ಮಾತನಾಡಿದವರಲ್ಲಿ ಬಹುಮಂದಿ ಕೈಯಿಂದ ದುಡಿದು ಉಂಡವರು. ಮೇದರ ಕೇತಯ್ಯನವರದು ಬಿದಿರು ಸೀಳುವ ಕೈ. ಮೋಳಿಗೆ ಮಾರಯ್ಯನವರದು ಸೌದೆಯ ಹೊರೆ ಕಟ್ಟುವ ಕೈ. ಅಂಬಿಗರ ಚೌಡಯ್ಯನವರದು ಹುಟ್ಟು ಹಾಕುವ ಕೈ. ಕೊಟ್ಟಣದ ಸೋಮಮ್ಮನವರದು ಒನಕೆ ಹಿಡಿದು ಭತ್ತ ಕುಟ್ಟುವ ಕೈ. ಕದಿರ ರೆಮ್ಮವ್ವೆಯವರದು ನೂಲು ತೆಗೆಯುವ ಕೈ. ಮಡಿವಾಳ ಮಾಚಿದೇವರದು ಬಟ್ಟೆ ಒಗೆದು ಹಿಂಡುವ ಕೈ, ನುಲಿಯ ಚಂದಯ್ಯನವರದು ಹುಲ್ಲನ್ನು ಹೊಸೆದು ಹಗ್ಗ ಮಾಡುವ ಕೈ. ಹಗಲೆಲ್ಲ ಏನನ್ನಾದರೂ ಬಿಗಿಯಾಗಿ ಹಿಡಿದೇ ಇರುತ್ತಿದ್ದ ಈ ಕೈಗಳು ಪೂಜೆಯ ಹೊತ್ತಿಗೆ ಬೇರೆಯೇ ಒಂದು ಕೆಲಸವನ್ನು ಮಾಡಬೇಕಾಗಿತ್ತು. ಅವು ತೆರೆದುಕೊಳ್ಳಬೇಕಾಗಿತ್ತು.

ಇಷ್ಟಲಿಂಗಧಾರಿಗಳಾದ ನಮಗೆ ಇದು ದಿನನಿತ್ಯದ ಅನುಭವ. ದೀಕ್ಷೆಯ ದಿನ ಗುರುವು ಲಿಂಗವನ್ನು ಕೊಡುವುದು ಕೈಗೆ. ನಾವು ಅದನ್ನು ಪೂಜೆಗೆ ಇರಿಸಿಕೊಳ್ಳುವುದು ಎಡ ಅಂಗೈಯ ಮೇಲೆ. ಅಂಗೈ ಪೀಠವಾಗುತ್ತದೆ, ಬೆರಳುಗಳು ಸುತ್ತಲಿನ ಬೇಲಿಯಾಗುತ್ತವೆ. ಬಲಗೈ ವಿಭೂತಿಯನ್ನೂ ಪತ್ರೆಯನ್ನೂ ಅರ್ಪಿಸುತ್ತದೆ. ಎಡಗೈ ಏನೂ ಮಾಡುತ್ತಿಲ್ಲವೆಂದು ನೋಡುವವರಿಗೆ ತೋರಬಹುದು. ನಿಜದಲ್ಲಿ ಇಡೀ ಪೂಜೆ ನಿಂತಿರುವುದು ಆ ಕೈಯ ಮೇಲೆ. ಅದನ್ನೇ ಶರಣರು ಕರಸ್ಥಲವೆಂದು ಕರೆದರು. ಗುಡಿಯನ್ನು ಕಟ್ಟಲು ಸ್ಥಳವಿಲ್ಲದವನಿಗೂ ಅಂಗೈಯಷ್ಟು ಸ್ಥಳ ಇದ್ದೇ ಇರುತ್ತದೆ ಎಂಬುದು ಆ ಪದದೊಳಗಿನ ದೊಡ್ಡ ಆಶ್ವಾಸನೆ.

ಆದರೆ ಆ ಸ್ಥಳವೇ ಅಲುಗಾಡತೊಡಗಿದರೆ? ಕೈಯೇ ಸೋತರೆ? ಈ ಪ್ರಶ್ನೆ ನಮ್ಮ ಮಠದಲ್ಲಿ ಒಂದು ವಿನೋದದ ಪಂದ್ಯದಿಂದ ಹುಟ್ಟಿತು. ಅದರ ವಿವರವನ್ನು ಇಲ್ಲಿ ಬರೆಯಲು ಸಂಬಂಧಪಟ್ಟ ಹಿರಿಯರೇ ಅನುಮತಿ ಕೊಟ್ಟಿದ್ದಾರೆ. ತಮ್ಮ ಹೆಸರು ಮಾತ್ರ ಬೇಡವೆಂದಿದ್ದಾರೆ.

2024ರ ಶ್ರಾವಣ ಮಾಸದ ಪ್ರವಚನ ಮಾಲೆ ಕೆಂಗೇರಿಯಲ್ಲಿ ನಡೆದಿತ್ತು. ಕೊನೆಯ ಸೋಮವಾರ ಪ್ರಸಾದ ಮುಗಿದ ಮೇಲೆ, ದಾಸೋಹದಲ್ಲಿ ಬಡಿಸಿದವರೆಲ್ಲ ತಮ್ಮ ಹೆಗಲ ಮೇಲಿನ ಟವೆಲುಗಳನ್ನು ಒಗೆಯಲು ಹಿತ್ತಲಿನ ನಲ್ಲಿಯ ಬಳಿ ಸೇರಿದ್ದರು. ಟವೆಲುಗಳೆಲ್ಲ ಒಂದೇ ಅಂಗಡಿಯಲ್ಲಿ ಒಟ್ಟಿಗೆ ಕೊಂಡಂಥವು. ಒಂದೇ ಅಳತೆ, ಒಂದೇ ನೂಲು. ವ್ಯಾಯಾಮಶಾಲೆಗೆ ಹೋಗುವ ಕಾಲೇಜು ಹುಡುಗನೊಬ್ಬ ತನ್ನ ಟವೆಲನ್ನು ಹಿಂಡಿ, "ಇನ್ನು ಇದರಲ್ಲಿ ಒಂದು ತೊಟ್ಟು ನೀರು ತೆಗೆದ್ರೆ ನಾನು ಸೋತೆ" ಎಂದು ಸವಾಲು ಹಾಕಿದ. ಅಡುಗೆಮನೆಯಲ್ಲಿ ನೆರವಾಗುವ ತಾಯಿಯೊಬ್ಬರು ಅದನ್ನು ಅವನ ಕೈಯಿಂದ ಇಸಿದುಕೊಂಡು ಒಮ್ಮೆ ತಿರುಚಿದರು. ಸಣ್ಣ ಧಾರೆಯೇ ಇಳಿಯಿತು. ಎಲ್ಲರೂ ನಕ್ಕರು, ಪಂದ್ಯ ಶುರುವಾಯಿತು.

ನಿಯಮವನ್ನು ಮಕ್ಕಳೇ ಮಾಡಿದರು. ಪ್ರತಿಯೊಬ್ಬರೂ ಟವೆಲನ್ನು ಬಕೆಟ್ಟಿನಲ್ಲಿ ಪೂರ್ತಿ ನೆನೆಸಬೇಕು. ಮಕ್ಕಳು ಒಂದರಿಂದ ಇಪ್ಪತ್ತರವರೆಗೆ ಎಣಿಸುವಷ್ಟರಲ್ಲಿ ಹಿಂಡಬೇಕು. ಆಮೇಲೆ ಉಗ್ರಾಣದ ತಕ್ಕಡಿಯ ಮೇಲೆ ಇಡಬೇಕು. ಯಾರ ಟವೆಲು ಹಗುರವೋ ಅವರು ಗೆದ್ದಂತೆ. ಒಣಗಿದ ಟವೆಲು 250 ಗ್ರಾಂ ತೂಗುತ್ತಿತ್ತು. ಆ ತಾಯಿಯವರು ಹಿಂಡಿದ್ದು 430 ಗ್ರಾಂ ತೂಗಿ ಮೊದಲ ಸ್ಥಾನ ಪಡೆಯಿತು. ಅವರು ಬೆಳಿಗ್ಗೆ ಮೂರು ಮನೆಗಳಲ್ಲಿ ಬಟ್ಟೆ ಒಗೆದು ಆಮೇಲೆ ಮಠದ ಸೇವೆಗೆ ಬರುವವರು. ವ್ಯಾಯಾಮಶಾಲೆಯ ಹುಡುಗ ಮೂರನೆಯವನಾದ. ತೋಳಿನ ಬಲ ಅವನಿಗೆ ಬೇಕಾದಷ್ಟಿತ್ತು. ಆದರೆ ಹಿಂಡುವಾಗ ಮಣಿಕಟ್ಟನ್ನು ಒಳಕ್ಕೆ ಮಡಿಸಿಕೊಳ್ಳುತ್ತಿದ್ದುದರಿಂದ ಹಿಡಿತ ಜಾರುತ್ತಿತ್ತು. ತಾಯಿಯವರು ಮಣಿಕಟ್ಟನ್ನು ನೆಟ್ಟಗೆ ನಿಲ್ಲಿಸಿ ಬಟ್ಟೆಯನ್ನು ತಿರುಚುತ್ತಿದ್ದರು. ಅವರಿಗೆ ಅದನ್ನು ಯಾರೂ ಕಲಿಸಿದ್ದಲ್ಲ.

ಕೊನೆಗೆ ಮಕ್ಕಳು ಹಿರಿಯರೊಬ್ಬರನ್ನು ಎಳೆದು ತಂದರು. ವಯಸ್ಸು 68. ಮೈಸೂರು ರಸ್ತೆಯ ಒಂದು ಕಾರ್ಖಾನೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಲೇತ್ ಯಂತ್ರದ ಮುಂದೆ ನಿಂತು ದುಡಿದು ನಿವೃತ್ತರಾದವರು. ಅನ್ನದ ಕೊಪ್ಪರಿಗೆಯನ್ನು ಒಲೆಯಿಂದ ಇಳಿಸುವಾಗ ಒಂದು ಕಡೆ ಅವರೇ ಇರಬೇಕು ಎಂಬುದು ನಮ್ಮ ದಾಸೋಹದ ಅಲಿಖಿತ ಪದ್ಧತಿಯಾಗಿತ್ತು. "ತಾತ ಬಂದ್ರು, ಇನ್ನೇನು ಬಿಡಿ" ಎಂದು ಹುಡುಗರು ಕೂಗಿದರು. ತಾತನವರು ಟವೆಲನ್ನು ಹಿಂಡಿದರು. ತಕ್ಕಡಿ 590 ಗ್ರಾಂ ತೋರಿಸಿತು. ಏಳನೆಯ ತರಗತಿಯ ಹುಡುಗಿಯ ಟವೆಲಿಗಿಂತಲೂ ಅದು ಭಾರವಾಗಿತ್ತು. ಮಕ್ಕಳು ತಾತ ಬೇಕೆಂದೇ ಸೋತರೆಂದು ತಿಳಿದು ಚಪ್ಪಾಳೆ ತಟ್ಟಿದರು. ಅವರೂ ನಕ್ಕರು. ನಕ್ಕು, ತಮ್ಮ ಎಡಗೈಯನ್ನು ಒಂದೆರಡು ಬಾರಿ ಕೊಡವಿ, ಪಂಚೆಯ ಮಡಿಕೆಯೊಳಗೆ ಸೇರಿಸಿಕೊಂಡರು.

ಎರಡು ದಿನದ ಮೇಲೆ ಸಂಜೆ ಅವರು ಪುಸ್ತಕ ಭಂಡಾರಕ್ಕೆ ಬಂದರು. ನಾನು ತಾಡೋಲೆಯ ಪ್ರತಿಗಳ ಪಟ್ಟಿ ಮಾಡುತ್ತಿದ್ದೆ. ಎದುರಿಗೆ ಕುಳಿತು ಬಹಳ ಹೊತ್ತು ಸುಮ್ಮನಿದ್ದರು.

"ಮೇಷ್ಟ್ರೇ, ಒಂದು ಕೇಳಬೇಕು. ಲಿಂಗ ಕೈಯಿಂದ ಬಿದ್ರೆ ಏನು ಮಾಡಬೇಕು ಅಂತ ಬರೆದಿದ್ದಾರೆ?"

"ಬಿದ್ದಿದೆಯೇ ಯಜಮಾನರೇ?"

"ಇನ್ನೂ ಬಿದ್ದಿಲ್ಲ. ಬೀಳುತ್ತೆ."

ಆಮೇಲೆ ಅವರು ಎಲ್ಲವನ್ನೂ ಹೇಳಿದರು. ಏಳೆಂಟು ತಿಂಗಳಿಂದ ಎಡಗೈಯ ಹೆಬ್ಬೆರಳು ಮತ್ತು ಅದರ ಪಕ್ಕದ ಎರಡು ಬೆರಳುಗಳು ಜೋಮು ಹಿಡಿಯುತ್ತಿದ್ದವು. ನಡುರಾತ್ರಿ ಎಚ್ಚರವಾಗಿ ಕೈಯನ್ನು ಕೊಡವಿದರೆ ಮಾತ್ರ ಸಮಾಧಾನ. ಕೆಂಗೇರಿಯಿಂದ ಮೆಜೆಸ್ಟಿಕ್ಕಿಗೆ ಮೆಟ್ರೋ ರೈಲಿನಲ್ಲಿ ಹೋಗುವಾಗ ತೂಗುವ ಹಿಡಿಕೆ ಕೈಯಿಂದ ಜಾರಿತ್ತು. ಅಂಗಿಯ ಗುಂಡಿ ಹಾಕಿಕೊಳ್ಳುವುದು ಕಷ್ಟವಾಗಿತ್ತು. ಇದನ್ನೆಲ್ಲ ಅವರು ವಯಸ್ಸಿನ ಲೆಕ್ಕಕ್ಕೆ ಹಾಕಿ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಸಹಿಸಲಾಗದೆ ಹೋದದ್ದು ಒಂದೇ. "ಪೂಜೇಲಿ ಕಣ್ಣು ಮುಚ್ಚಿದ್ರೆ ಬೆರಳು ಎಲ್ಲಿದೆ ಅಂತ್ಲೇ ತಿಳಿಯಲ್ಲ. ಲಿಂಗ ಅಂಚಿಗೆ ಸರಿದ್ರೂ ಗೊತ್ತಾಗಲ್ಲ. ಅದಕ್ಕೇ ಮೂರು ವಾರದಿಂದ ಲಿಂಗಾನ ಕೈಗೆ ತಗೊಂಡಿಲ್ಲ. ಕೊರಳಲ್ಲೇ ಇಟ್ಕೊಂಡು ನಮಸ್ಕಾರ ಮಾಡ್ತಿದ್ದೀನಿ."

ಲಿಂಗಾಯತ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಈ ಮಾತಿನ ಭಾರವನ್ನು ವಿವರಿಸಬೇಕಾಗಿಲ್ಲ. ಲಿಂಗ ಅಂಗದಿಂದ ಅಗಲಿದರೆ ಪ್ರಾಣವನ್ನೇ ಬಿಡಬೇಕೆಂಬಷ್ಟು ಕಠಿಣವಾದ ನಿಷ್ಠೆಯ ಕಥೆಗಳನ್ನು ಅವರು ಚಿಕ್ಕಂದಿನಿಂದ ಕೇಳಿದ್ದರು. ಆ ಕಥೆಗಳು ಭಕ್ತಿಯ ತೀವ್ರತೆಯನ್ನು ತಿಳಿಸಲು ಹುಟ್ಟಿದಂಥವು. ಆದರೆ ಜೋಮು ಹಿಡಿದ ಕೈಯುಳ್ಳ ವೃದ್ಧರೊಬ್ಬರ ಎದೆಯಲ್ಲಿ ಅವು ಭಯವಾಗಿ ಕುಳಿತಿದ್ದವು. ಬೀಳುವ ಭಯಕ್ಕೆ ಅವರು ಪೂಜೆಯನ್ನೇ ಬಿಟ್ಟಿದ್ದರು.

ನಾನು ಅವರ ಮುಂದೆ ಶೂನ್ಯಸಂಪಾದನೆಯನ್ನು ತೆಗೆದೆ. ಅಲ್ಲಿ ನುಲಿಯ ಚಂದಯ್ಯನವರ ಪ್ರಸಂಗವಿದೆ. ನಿಮ್ಮಲ್ಲಿ ಅನೇಕರು ಬಲ್ಲಿರಿ. ಹಗ್ಗ ಹೊಸೆಯುವುದಕ್ಕಾಗಿ ಚಂದಯ್ಯನವರು ಹುಲ್ಲು ಕೊಯ್ಯುತ್ತಿದ್ದಾಗ ಅವರ ಇಷ್ಟಲಿಂಗ ಕಳಚಿ ಬಿತ್ತು. ಅವರು ಅಂಜಲಿಲ್ಲ, ಪ್ರಾಣ ಬಿಡಲು ಹೊರಡಲಿಲ್ಲ. ಕೈಯಲ್ಲಿದ್ದ ಕೆಲಸವನ್ನು ಮುಗಿಸಿ, ಹುಲ್ಲಿನ ಹೊರೆಯೊಂದಿಗೆ ಮುಂದೆ ನಡೆದರು. ಕಥೆಯ ಪ್ರಕಾರ ಲಿಂಗವೇ ಅವರ ಬೆನ್ನು ಹತ್ತಿ ಬಂದು ತನ್ನನ್ನು ಸ್ವೀಕರಿಸೆಂದು ಬೇಡಿತು. ಚಂದಯ್ಯನವರು ಒಪ್ಪಲಿಲ್ಲ. ಆಗ ನಡುವೆ ಬಂದು ಸಮಾಧಾನ ಹೇಳಿದವರು ಮಡಿವಾಳ ಮಾಚಿದೇವರು. ಕಾಯಕದ ನಿಷ್ಠೆ ದೊಡ್ಡದಾದರೂ ಲಿಂಗವನ್ನು ತೊರೆಯುವುದು ಸಲ್ಲದೆಂದು ಅವರು ತಿಳಿಸಿದರು. ಕೊನೆಗೆ ಲಿಂಗವೂ ಕಾಯಕ ಮಾಡಬೇಕು, ಹಗ್ಗವನ್ನು ಮಾರಿ ಬರಬೇಕು ಎಂದಾಯಿತು. ಲಿಂಗವು ಹಗ್ಗಕ್ಕೆ ಸಲ್ಲುವುದಕ್ಕಿಂತ ಹೆಚ್ಚಿನ ಹಣವನ್ನು ತಂದಾಗ ಚಂದಯ್ಯನವರು ಅದನ್ನೂ ಒಪ್ಪಲಿಲ್ಲ.

ಈ ಕಥೆಯನ್ನು ಸಾಮಾನ್ಯವಾಗಿ ಕಾಯಕದ ಹಿರಿಮೆಗೆ ನಿದರ್ಶನವಾಗಿ ಹೇಳುತ್ತಾರೆ. ಅದು ಸರಿಯೇ. ಆದರೆ ತಾತನವರೊಂದಿಗೆ ಕುಳಿತು ಓದಿದ ಆ ಸಂಜೆ ಅದರ ಇನ್ನೊಂದು ಮಗ್ಗುಲು ಕಾಣಿಸಿತು. ಇಲ್ಲಿ ಲಿಂಗ ಬೀಳುತ್ತದೆ, ಮತ್ತು ಆಮೇಲೂ ಕಥೆ ಮುಂದುವರಿಯುತ್ತದೆ. ಬಿದ್ದದ್ದು ಸಂಬಂಧದ ಅಂತ್ಯವಲ್ಲ. ಮರಳಿ ಕೂಡುವ ದಾರಿಯೊಂದು ಅಲ್ಲಿಂದಲೇ ಆರಂಭವಾಗುತ್ತದೆ. ಆ ದಾರಿಯನ್ನು ತೋರಿಸಿದವರು ಯಾರೆಂಬುದನ್ನೂ ಗಮನಿಸಬೇಕು. ದಿನವೆಲ್ಲ ಹಗ್ಗ ಹೊಸೆಯುವವರ ಮನಸ್ಸಿನ ಬಿಗಿಯನ್ನು ಸಡಿಲಿಸಿದವರು ದಿನವೆಲ್ಲ ಬಟ್ಟೆ ಹಿಂಡುವವರು. ಬಿಗಿಯುವ ಕೈಯ ಕಷ್ಟವನ್ನು ಅಂಥದೇ ಇನ್ನೊಂದು ಕೈ ಬಲ್ಲದು.

ತಾತನವರು ಪೂರ್ತಿ ಕೇಳಿ, "ಚಂದಯ್ಯನವರು ಕೆಲಸದ ಭರದಲ್ಲಿ ಬಿಟ್ಟೋರು. ನಂದು ಕೈಲಾಗದೆ ಬೀಳೋದು. ಎರಡೂ ಒಂದೇನಾ?" ಎಂದರು. ಒಳ್ಳೆಯ ಪ್ರಶ್ನೆ. ಉತ್ತರವನ್ನು ಪೂಜ್ಯರ ಬಾಯಿಂದಲೇ ಕೇಳೋಣವೆಂದು ಅವರನ್ನು ಕರೆದುಕೊಂಡು ಹೋದೆ.

ಪೂಜ್ಯರು ಮೊದಲು ಅವರ ಎಡಗೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು ನೋಡಿದರು. ಹೆಬ್ಬೆರಳಿನ ಬುಡದ ದಿಂಡು ಬಲಗೈಯಲ್ಲಿರುವಂತೆ ಉಬ್ಬಿರಲಿಲ್ಲ, ಇಳಿದುಹೋಗಿತ್ತು. "ಮೊದಲು ಡಾಕ್ಟರ ಹತ್ತಿರ ಹೋಗಿ. ಅದೂ ಪೂಜೆಯೇ" ಎಂದರು. ಆಮೇಲೆ ತಾತನವರ ಮಡಿಲಲ್ಲಿ ಒಂದು ಮಡಿವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಇಡಿಸಿ, ಎಡಗೈಯನ್ನು ಅದರ ಮೇಲೆ ಊರಿಸಿ, ಲಿಂಗವನ್ನು ಅಂಗೈಯಲ್ಲಿ ಇರಿಸಿದರು. "ಈಗ ಬಿದ್ದರೂ ಎಲ್ಲಿ ಬೀಳುತ್ತೆ? ನಿಮ್ಮ ಮಡಿಲಿಗೇ. ಹೆತ್ತ ಮಗು ಕೈಯಿಂದ ಮಡಿಲಿಗೆ ಜಾರಿದರೆ ತಾಯಿ ದೂರವಾದಳು ಅಂತ ಯಾರಾದರೂ ಹೇಳುತ್ತಾರೆಯೇ?" ಎಂದು ಕೇಳಿದರು. ತಾತನವರು ತಲೆ ತಗ್ಗಿಸಿ ಬಹಳ ಹೊತ್ತು ಕುಳಿತಿದ್ದರು. ಮೂರು ವಾರದ ಮೇಲೆ ಲಿಂಗ ಅವರ ಕರಸ್ಥಲಕ್ಕೆ ಬಂದಿತ್ತು.

ವೈದ್ಯರು ಪರೀಕ್ಷಿಸಿ ಇದು ಮಣಿಕಟ್ಟಿನಲ್ಲಿ ನರ ಒತ್ತಲ್ಪಟ್ಟಿರುವ ತೊಂದರೆ ಎಂದರು. ಕಾರ್ಪಲ್ ಟನಲ್ ಎಂಬುದು ಅದರ ವೈದ್ಯಕೀಯ ಹೆಸರು. ಹಿಡಿತವನ್ನು ಅಳೆಯುವ ಡೈನಮೋಮೀಟರ್ ಎಂಬ ಉಪಕರಣವನ್ನು ಹಿಸುಕಿಸಿ ನೋಡಿದಾಗ ಬಲಗೈ 29 ಕಿಲೋ, ಎಡಗೈ ಕೇವಲ 14 ಕಿಲೋ ತೋರಿಸಿತು. ಏಷ್ಯಾದ ತಜ್ಞರ ತಂಡವೊಂದು 2019ರಲ್ಲಿ ನಿಗದಿಪಡಿಸಿದ ಪ್ರಕಾರ, ಗಂಡಸರಲ್ಲಿ 28 ಕಿಲೋ, ಹೆಂಗಸರಲ್ಲಿ 18 ಕಿಲೋಗಿಂತ ಕಡಿಮೆಯಾದರೆ ಹಿಡಿತ ಕುಂದಿದೆಯೆಂದು ತಿಳಿಯಬೇಕು.

ಈ ನೆಪದಲ್ಲಿ ಕೈಯ ರಚನೆಯನ್ನು ಕುರಿತು ನಾನು ತಿಳಿದುಕೊಂಡದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ. ಏಕೆಂದರೆ ಅದರಲ್ಲಿ ಶರಣ ತತ್ತ್ವದ ಒಂದು ಪಾಠವೇ ಅಡಗಿರುವಂತೆ ನನಗೆ ತೋರಿತು.

ನಮ್ಮ ಬೆರಳುಗಳೊಳಗೆ ಅವನ್ನು ಮಡಿಸುವ ಸ್ನಾಯುಗಳಿಲ್ಲ. ಬಿಗಿಯಾಗಿ ಹಿಡಿಯುವ ಬಲ ಬಹುಮಟ್ಟಿಗೆ ಮುಂಗೈಯಲ್ಲಿದೆ. ಅಲ್ಲಿಂದ ಹಗ್ಗದಂಥ ಎಳೆಗಳು ಮಣಿಕಟ್ಟನ್ನು ದಾಟಿ ಬೆರಳುಗಳವರೆಗೆ ಹೋಗುತ್ತವೆ. ಕನ್ನಡದಲ್ಲಿ ಅವನ್ನು ಸ್ನಾಯುರಜ್ಜು ಎನ್ನುತ್ತಾರೆ. ರಜ್ಜು ಎಂದರೆ ಹಗ್ಗ. ಚಂದಯ್ಯನವರ ಕಾಯಕ ನಮ್ಮ ಮೈಯೊಳಗೇ ಇದೆ. ಮಣಿಕಟ್ಟಿನಲ್ಲಿ ಮೂಳೆಗಳ ನಡುವೆ ಕಿರಿದಾದ ಒಂದು ಸುರಂಗವಿದ್ದು, ಅದರಲ್ಲಿ ಇಂಥ 9 ರಜ್ಜುಗಳೂ ಒಂದು ನರವೂ ಒಟ್ಟಿಗೆ ಹಾದುಹೋಗುತ್ತವೆ. ಒಳಗೆ ಬಾವು ಬಂದರೆ ಮೊದಲು ನಲುಗುವುದು ಮೃದುವಾದ ನರ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ಜೋಮು ಹಿಡಿಯುವುದು ಇದರಿಂದ.

ಇನ್ನೊಂದು ಸಂಗತಿಯನ್ನು ನೀವೇ ಪರೀಕ್ಷಿಸಿ ನೋಡಬಹುದು. ಮಣಿಕಟ್ಟನ್ನು ಪೂರ್ತಿ ಒಳಕ್ಕೆ ಬಗ್ಗಿಸಿ ಮುಷ್ಟಿ ಕಟ್ಟಿ, ಬಲವೇ ಬರುವುದಿಲ್ಲ. ಈಗ ಮಣಿಕಟ್ಟನ್ನು ನೆಟ್ಟಗೆ ಮಾಡಿ, ತುಸು ಹಿಂದಕ್ಕೆ ಎತ್ತಿ ಮುಷ್ಟಿ ಕಟ್ಟಿ. ಹಿಡಿತ ಕೂಡಲೇ ಬಿಗಿಯಾಗುತ್ತದೆ. ಮಣಿಕಟ್ಟನ್ನು ಹೀಗೆ ಎತ್ತಿ ನಿಲ್ಲಿಸುವುದು ಮುಂಗೈಯ ಹಿಂಬದಿಯ ಸ್ನಾಯುಗಳು. ಬೆರಳುಗಳನ್ನು ತೆರೆಯುವ ಸ್ನಾಯುಗಳೂ ಆ ಕಡೆಯೇ ಇವೆ. ಬಿಗಿಯಾಗಿ ಮುಷ್ಟಿ ಹಿಡಿಯಬೇಕಾದರೆ ಹಿಂಬದಿಯೂ ದುಡಿಯಬೇಕು. ತೆರೆಯುವ ಕಡೆಯ ಬೆಂಬಲವಿಲ್ಲದೆ ಮುಚ್ಚುವ ಕಡೆಗೆ ಬಲವಿಲ್ಲ. ನಮ್ಮ ಪಂದ್ಯದಲ್ಲಿ ವ್ಯಾಯಾಮಶಾಲೆಯ ಹುಡುಗನಿಗೆ ಕೈಕೊಟ್ಟದ್ದೂ ಬಟ್ಟೆ ಒಗೆಯುವ ತಾಯಿಯವರಿಗೆ ಒಲಿದದ್ದೂ ಇದೇ.

ಶರಣರು ಬಾಳಿಗೆ ಕೊಟ್ಟ ಎರಡು ದೊಡ್ಡ ಸೂತ್ರಗಳು ಕಾಯಕ ಮತ್ತು ದಾಸೋಹ. ಕಾಯಕವೆಂದರೆ ಹಿಡಿಯುವುದು: ಉಳಿಯನ್ನು, ಒನಕೆಯನ್ನು, ಹುಟ್ಟನ್ನು, ಇಂದಿನ ಕಾಲದಲ್ಲಿ ಲೇಖನಿಯನ್ನು, ವಾಹನದ ಚಕ್ರವನ್ನು. ದಾಸೋಹವೆಂದರೆ ಬಿಡುವುದು: ಗಳಿಸಿದ್ದನ್ನು ತೆರೆದ ಕೈಯಿಂದ ನೀಡುವುದು. ಇವೆರಡೂ ಬೇರೆ ಬೇರೆ ಘಟ್ಟಗಳೆಂದು, ಮೊದಲು ಗಳಿಸಿ ಆಮೇಲೆ ಎಂದಾದರೂ ಕೊಡಬಹುದೆಂದು ನಾವು ತಿಳಿಯುತ್ತೇವೆ. ಮುಂಗೈ ಹೇಳುವುದು ಬೇರೆ. ಎರಡೂ ಏಕಕಾಲದಲ್ಲಿ ದುಡಿದರೆ ಮಾತ್ರ ಕೈಗೆ ಕಸುವು.

ಇದಕ್ಕೆ ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗಕ್ಕಿಂತ ಮಿಗಿಲಾದ ವ್ಯಾಖ್ಯಾನವನ್ನು ನಾನು ಕಾಣೆ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳ ಕಾಯಕ, ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಮೆಚ್ಚಲಿಲ್ಲ. ಆ ಹೊತ್ತಿಗೆ ಬೇಕಾದಷ್ಟನ್ನು ಉಳಿಸಿ ಮಿಕ್ಕದ್ದನ್ನು ಇದ್ದಲ್ಲಿಗೇ ಸುರಿದು ಬರಲು ಹೇಳಿದರು. ಅಕ್ಕಿಯ ಕಾಳನ್ನು ಆಯುವುದು ಬೆರಳುಗಳ ಅತ್ಯಂತ ನಯವಾದ ಹಿಡಿತ. ಜಾನ್ ನೇಪಿಯರ್ ಎಂಬ ವಿದ್ವಾಂಸರು 1956ರಲ್ಲಿ ಮನುಷ್ಯನ ಕೈಯ ಹಿಡಿತಗಳನ್ನು ಎರಡಾಗಿ ವಿಂಗಡಿಸಿದರು: ಸುತ್ತಿಗೆ ಹಿಡಿಯುವಂಥ ಬಲದ ಹಿಡಿತ, ಸೂಜಿ ಹಿಡಿಯುವಂಥ ನಯದ ಹಿಡಿತ. ಬಟ್ಟೆ ಹಿಂಡುವುದು ಮೊದಲನೆಯದು, ಅಕ್ಕಿ ಆಯುವುದು ಎರಡನೆಯದು. ಹಿಡಿದದ್ದನ್ನು ಎಲ್ಲಿ ಬಿಡಬೇಕೆಂಬ ತಿಳಿವನ್ನು ಲಕ್ಕಮ್ಮನವರು ಕಲಿಸಿದರು. ಅದು ಸ್ನಾಯುವಿನಿಂದ ಬರುವಂಥದ್ದಲ್ಲ, ಅರಿವಿನಿಂದ ಬರುವಂಥದ್ದು.

ಹಾಗೆಂದು ಮುಷ್ಟಿಯ ಬಲವನ್ನು ತುಚ್ಛವಾಗಿ ಕಾಣಬಾರದು. ದೇಹವನ್ನು ಶರಣರು ಕಡೆಗಣಿಸಲಿಲ್ಲ. ಅದನ್ನು ದೇಗುಲವೆಂದು ಭಾವಿಸಿದರು. 2015ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಭಾರತವೂ ಸೇರಿದಂತೆ 17 ದೇಶಗಳ ಸುಮಾರು 1 ಲಕ್ಷ 40 ಸಾವಿರ ಜನರ ಹಿಡಿತವನ್ನು ಅಳೆದು, ಸುಮಾರು ನಾಲ್ಕು ವರ್ಷ ಅವರ ಆರೋಗ್ಯವನ್ನು ಗಮನಿಸಿತು. ಹಿಡಿತದ ಬಲ 5 ಕಿಲೋ ಕಡಿಮೆಯಿದ್ದಂತೆಲ್ಲ ಮರಣದ ಸಂಭವ ಶೇಕಡ 16ರಷ್ಟು ಹೆಚ್ಚಿದ್ದುದು ಕಂಡುಬಂತು. ರಕ್ತದೊತ್ತಡದ ಮೇಲಿನ ಅಂಕಿಗಿಂತಲೂ ಹಿಡಿತದ ಬಲವೇ ಇದನ್ನು ಚೆನ್ನಾಗಿ ಸೂಚಿಸುತ್ತಿತ್ತು. ಕೈಯ ಬಲ ಕುಂದಿದ್ದರಿಂದಲೇ ಸಾವು ಬರುತ್ತದೆ ಎಂದು ಇದರ ಅರ್ಥವಲ್ಲ. ಒಳಗಿನ ಶರೀರ ಹೇಗಿದೆಯೆಂಬುದನ್ನು ಕೈ ಹೊರಗೆ ಹೇಳುತ್ತದೆ, ಅಷ್ಟೆ. ಕೈಯ ಮಾತನ್ನು ಕೇಳುವ ಕಿವಿ ನಮಗಿರಬೇಕು.

ಆದ್ದರಿಂದ ಮನೆಯ ಹಿರಿಯರನ್ನು ಗಮನಿಸಿ ಎಂದು ಶರಣ ಬಂಧುಗಳಲ್ಲಿ ವಿನಂತಿ. ಚೊಂಬು ಕೈಜಾರುತ್ತಿದ್ದರೆ, ಗುಂಡಿ ಹಾಕಿಕೊಳ್ಳಲು ತಡಕಾಡುತ್ತಿದ್ದರೆ, ರಾತ್ರಿ ಎದ್ದು ಕೈ ಕೊಡವುತ್ತಿದ್ದರೆ, ವಯಸ್ಸಾಯಿತೆಂದು ಸುಮ್ಮನಿರದೆ ವೈದ್ಯರಿಗೆ ತೋರಿಸಿ. ನರ ಒತ್ತುವ ಈ ತೊಂದರೆ ಹೆಂಗಸರಲ್ಲಿ ಹೆಚ್ಚು. ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ ಇದ್ದವರಲ್ಲೂ ಹೆಚ್ಚು. ಬೇಗ ತೋರಿಸಿದರೆ ರಾತ್ರಿ ಮಣಿಕಟ್ಟಿಗೆ ಪಟ್ಟಿ ಕಟ್ಟುವುದರಿಂದಲೇ ಗುಣ ಕಾಣಬಹುದು. ತಡವಾದರೆ ಸ್ನಾಯು ಬತ್ತಿ, ಶಸ್ತ್ರಚಿಕಿತ್ಸೆಯಾದರೂ ಹಳೆಯ ಬಲ ಪೂರ್ತಿ ಮರಳದಿರಬಹುದು. ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಒಂದು ಕೈ ಇದ್ದಕ್ಕಿದ್ದಂತೆ ಸೋತು, ಜೊತೆಗೆ ಬಾಯಿ ಸೊಟ್ಟಗಾದರೆ ಅಥವಾ ಮಾತು ತೊದಲಿದರೆ ಅದು ಲಕ್ವದ ಸೂಚನೆ. ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ತಾತನವರಿಗೆ ಸಣ್ಣ ಶಸ್ತ್ರಚಿಕಿತ್ಸೆಯಾಯಿತು. ರಾತ್ರಿಯ ಜೋಮು ಕೆಲವೇ ದಿನಗಳಲ್ಲಿ ನಿಂತಿತು; ಬೆರಳುಗಳಿಗೆ ಸ್ಪರ್ಶ ನಿಧಾನವಾಗಿ ಮರಳಿತು. ಹೆಬ್ಬೆರಳ ಬುಡದ ದಿಂಡು ಮಾತ್ರ ಮೊದಲಿನಂತೆ ತುಂಬಿಲ್ಲ. ಅನ್ನದ ಕೊಪ್ಪರಿಗೆಯ ಒಂದು ಕಡೆ ಈಗ ಆ ವ್ಯಾಯಾಮಶಾಲೆಯ ಹುಡುಗ ಹಿಡಿಯುತ್ತಾನೆ. ತಾತನವರು ಪಕ್ಕದಲ್ಲಿ ನಿಂತು, "ಮಣಿಕಟ್ಟು ನೆಟ್ಟಗೆ ಇಡು ಮಗಾ" ಎಂದು ಹೇಳಿಕೊಡುತ್ತಾರೆ. ಕೈಯ ಕಾಯಕವನ್ನು ಇನ್ನೊಬ್ಬರ ಕೈಗೆ ದಾಟಿಸುವುದೂ ಒಂದು ದಾಸೋಹವೇ ಅಲ್ಲವೇ? ಪೂಜೆಗೆ ಮಡಿಲಿನ ಮಡಿವಸ್ತ್ರವನ್ನು ಅವರು ಈಗಲೂ ಬಿಟ್ಟಿಲ್ಲ. ಕೈ ವಾಸಿಯಾಯಿತಲ್ಲ, ಇನ್ನೇಕೆ ಎಂದು ಯಾರೋ ಕೇಳಿದಾಗ, "ಇದು ಭಯಕ್ಕಲ್ಲ, ಅಭ್ಯಾಸ ಆಗಿದೆ" ಎಂದರಂತೆ.

ಅಲ್ಲಮಪ್ರಭುದೇವರು ಇಷ್ಟಲಿಂಗವನ್ನು ಪಡೆದ ಕಥೆಯನ್ನು ನೆನೆದು ಈ ಬರಹವನ್ನು ಮುಗಿಸುತ್ತೇನೆ. ನೆಲದೊಳಗೆ ಹುದುಗಿದ್ದ ಗುಡಿಯಲ್ಲಿ ಅನಿಮಿಷಯ್ಯನವರು ಕರಸ್ಥಲದ ಲಿಂಗದಲ್ಲಿ ದೃಷ್ಟಿ ನೆಟ್ಟು, ರೆಪ್ಪೆ ಬಡಿಯದೆ ಕುಳಿತಿದ್ದರು. ಅಲ್ಲಮರು ಆ ಕೈಯಿಂದ ಲಿಂಗವನ್ನು ತಮ್ಮ ಕೈಗೆ ತೆಗೆದುಕೊಂಡರು, ಅನಿಮಿಷಯ್ಯನವರು ಬಯಲಾದರು. ಎಷ್ಟೋ ಕಾಲ ಲಿಂಗವನ್ನು ಹೊತ್ತು ಕುಳಿತಿದ್ದ ಆ ಕೈ ಮುಷ್ಟಿಯಾಗಿರಲಿಲ್ಲ. ಮುಷ್ಟಿಯಾಗಿದ್ದರೆ ಅಲ್ಲಮರಿಗೆ ಲಿಂಗ ದೊರೆಯುತ್ತಿರಲಿಲ್ಲ. ಅದು ಅಂಗೈಯಾಗಿತ್ತು, ಆದ್ದರಿಂದ ಒಂದು ಕೈಯಿಂದ ಇನ್ನೊಂದು ಕೈಗೆ ಬೆಳಕು ದಾಟಿತು.

ದುಡಿಯುವಾಗ ನಮ್ಮ ಹಿಡಿತ ಬಿಗಿಯಾಗಿರಲಿ, ನೀಡುವಾಗ ಅಂಗೈ ತೆರೆದಿರಲಿ. ಕೈ ಸೋಲುವ ಕಾಲ ಎಲ್ಲರಿಗೂ ಬರುತ್ತದೆ. ಆಗ ಕೆಳಗೆ ಮಡಿಲೊಂದು ಇದೆಯೆಂಬ ನಂಬಿಕೆ ನಮ್ಮೆಲ್ಲರಲ್ಲಿ ಉಳಿಯಲಿ.